ಬ್ರೈನ್ ಹ್ಯಾಮರೇಜ್ ಆದವ್ರಿಗೆ ಕರೆಂಟ್ ಕೊಡೋ ಮಿಷನ್ ಮನೇಲೇ ಇಟ್ಕೋಬಹುದಾ?

ಬೇಲೂರ್_ರೋಡ್:
ಬಿಪಿ ಜಾಸ್ತಿಯಾಗಿ ನಮ್ಮಪ್ಪಂಗೆ ಬ್ರೈನ್ ಹ್ಯಾಮರೇಜ್ ಆಗಿತ್ತು, ಹಾಸನದಲ್ಲೇ ಅಡ್ಮಿಟ್ ಮಾಡಿದ್ವಿ, ಆಪರೇಷನ್ ಬೇಕಾಗ್ಲಿಲ್ಲ, ಈಗ ಮನೇಲವ್ರೆ. ಬಲಗೈ ಸ್ವಾಧೀನ ಇಲ್ಲ, ಭುಜ ಜೋತ್ಕೊಂಡು ನೋವು ಬೇರೆ, ನಡೆಯೋವಾಗ ಪಾದ ಎಳ್ಕೊಂಡು ಬರ್ತಾರೆ. ಫಿಸಿಯೋದವ್ರು ಕರೆಂಟ್ ಕೊಟ್ಟಾಗ ಬೆರಳು ಬಿಚ್ಕೊಳ್ಳುತ್ತೆ, ನಿಲ್ಸಿದ್ರೆ ಮತ್ತೆ ಹಂಗೇ. ದಿನಾ ಆಟೋದಲ್ಲಿ ಕರ್ಕೊಂಡೋಗೋದು ಕಷ್ಟ, ಆನ್‌ಲೈನಲ್ಲಿ ಟೆನ್ಸ್ ಮಿಷನ್ ಸಿಗುತ್ತಲ್ಲ ಅದನ್ನ ತಗೊಂಡ್ರೆ ಆಗುತ್ತಾ? ನಮ್ ಭಾವ ಬೇರೆ ಕಿವಿಗೆ ಕ್ಲಿಪ್ ಹಾಕಿ ವೇಗಸ್ ನರಕ್ಕೆ (ಮೆದುಳಿಂದ ಕತ್ತಿನ ಮೂಲಕ ಎದೆ, ಹೊಟ್ಟೆಗೆ ಹೋಗೋ ನರ) ಕರೆಂಟ್ ಕೊಡೋ ವಿಡಿಯೋ ಕಳ್ಸಿ ಇದನ್ನೇ ಮಾಡ್ಸಿ ಅಂತ ತಲೆ ತಿಂತಾವ್ರೆ. ಅಜ್ಜಿ ಮಾತ್ರ ತಲೇಲಿ ರಕ್ತ ಬಂದವ್ನಿಗೆ ಕರೆಂಟ್ ಕೊಡ್ತೀರೇನ್ರೋ ಅಂತ ಬೈತಾರೆ.

ಫಿಸಿಯೋ_ಹಾಸನ:
ಟೆನ್ಸ್ ನೋವಿಗೆ ಅಷ್ಟೇ ಸರ್, ಬೆರಳು ಬಿಚ್ಚಿಸೋದು ಅದಲ್ಲ. ನಿಮ್ಮಪ್ಪಂಗೆ ಕೊಡ್ತಿರೋದು ಎನ್‌ಎಂಇಎಸ್ ಅನ್ನೋ ಬೇರೆ ಥರದ ಕರೆಂಟ್ ಇರ್ಬೇಕು, ಅದು ನರದ ಮೂಲಕ ಮಾಂಸಖಂಡಾನ ಎಳ್ಸುತ್ತೆ. ಭುಜ ಜೋತಿದ್ರೆ ಭುಜದ ಮೇಲೂ ಹಿಂದೂ ಪ್ಯಾಡ್ ಹಾಕ್ತೀವಿ, ಪಾದಕ್ಕಾದ್ರೆ ಮಂಡಿ ಕೆಳಗೆ ಹೊರಗಡೆ ಹೋಗೋ ಪೆರೋನಿಯಲ್ ನರಕ್ಕೆ. ಮುಖ್ಯ ಏನಂದ್ರೆ ಕರೆಂಟ್ ಬರೋ ಹೊತ್ತಿಗೆ ಅವ್ರೂ ಬೆರಳು ಬಿಚ್ಚೋಕೆ ಪ್ರಯತ್ನ ಪಡ್ಬೇಕು, ಲೋಟ ಹಿಡಿಯೋದು ಬಿಡೋದು ಮಾಡ್ಸಿ, ಪ್ಯಾಡ್ ಅಂಟಿಸ್ಕೊಂಡು ಸೀರಿಯಲ್ ನೋಡ್ತಾ ಕೂತ್ರೆ ಉಪಯೋಗ ಕಮ್ಮಿ. ಪೇಸ್‌ಮೇಕರ್ ಇದ್ರೆ ಡಾಕ್ಟ್ರನ್ನ ಕೇಳ್ದೆ ಮುಟ್ಲೇಬೇಡಿ, ಕತ್ತಿನ ಮುಂದೆ ಪ್ಯಾಡ್ ಬೇಡ್ವೇ ಬೇಡ, ಸ್ಪರ್ಶ ಗೊತ್ತಾಗದ ಜಾಗದಲ್ಲಿ ಚರ್ಮ ಸುಟ್ರೂ ಅವ್ರಿಗೆ ತಿಳಿಯಲ್ಲ. ಅಜ್ಜಿಗೆ ಹೇಳಿ, ಕೈಗೆ ಕೊಟ್ಟಿದ್ದು ತಲೆಗೆ ಹತ್ತಲ್ಲ.

ಮೂಡಿಗೆರೆ_ಮಳೆ:
ಕಿವಿ ಕ್ಲಿಪ್ಪಿಗೆ ದುಡ್ಡು ಹಾಕ್ಬೇಡಿ. 2021ರಲ್ಲಿ ಔಷಧಿ, ಮಿಷನ್ನುಗಳಿಗೆ ಅನುಮತಿ ಕೊಡೋ ಅಮೆರಿಕದ ಎಫ್‌ಡಿಎ ಒಪ್ಪಿದ್ದು ಎದೆ ಚರ್ಮದ ಕೆಳಗೆ ಆಪರೇಷನ್ ಮಾಡಿ ಕೂರ್ಸೋ ವೇಗಸ್ ಮಿಷನ್ನು, ಅದೂ ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ, ಹ್ಯಾಮರೇಜಿಗಲ್ಲ. ಕಿವಿದು ಟ್ರಯಲ್ ಮಾಡಿರೋದು ಅನ್ಯೂರಿಸಂ (ರಕ್ತನಾಳ ಗುಳ್ಳೆ ಥರ ಉಬ್ಬಿರೋದು) ಒಡೆದು ಮೆದುಳಿನ ಸುತ್ತ ರಕ್ತ ಹರಡ್ದವ್ರಿಗೆ, ಅವ್ರಿಗೆ ಆಮೇಲೆ ರಕ್ತನಾಳ ಬಿಗ್ದುಕೊಳ್ಳುತ್ತಲ್ಲ, ಉರಿಯೂತ ಕಮ್ಮಿ ಮಾಡಿ ಅದನ್ನ ತಡೀಬಹುದಾ ಅಂತ. ಅವ್ರಿಗೂ ಇವತ್ತಿಗೂ ಬರ್ಕೊಡೋದು ನಿಮೋಡಿಪಿನ್ ಮಾತ್ರೆನೇ, 21 ದಿನ. ನಿಮ್ಮಪ್ಪಂದು ಬಿಪಿ ಇಂದ ಆಗಿದ್ದು, ಕೇಸೇ ಬೇರೆ. ಬಿಪಿ ಮಾತ್ರೆ ತಪ್ಪಿಸ್ಬೇಡಿ, ಇನ್ನೊಂದ್ಸಲ ಆಗ್ದಂಗೆ ಕಾಯೋದು ಅದೇ.

ಸಕ್ಲೇಶ್ಪುರ_ಘಾಟಿ:
ನಮ್ಮತ್ತೆಗೆ ಮಿಷನ್ ಬಾಡಿಗೆಗೆ ತಂದಿದ್ವಿ, ಕೊಳ್ಳೋಕಿಂತ ಮೊದ್ಲು ಬಾಡಿಗೆಗೆ ಸಿಗುತ್ತಾ ಕೇಳಿ ನೋಡಿ. ಪ್ಯಾಡ್ ಎಲ್ಲಿಡ್ಬೇಕು ಅಂತ ಫಿಸಿಯೋ ಕೈಲೇ ಪೆನ್ನಲ್ಲಿ ಗುರುತು ಹಾಕ್ಸಿ ಫೋಟೋ ತಕ್ಕೊಳ್ಳಿ, ಒಂದಿಂಚು ಆಚೀಚೆ ಆದ್ರೆ ಬೇರೆ ಬೆರಳೇ ಎದ್ದು ನಿಲ್ಲುತ್ತೆ 😄

ಬೇಲೂರ್_ರೋಡ್:
ಥ್ಯಾಂಕ್ಸ್ ಎಲ್ರಿಗೂ. ಆಸ್ಪತ್ರೇಲಿದ್ದಾಗ ಒಂದ್ಸಲ ಫಿಟ್ಸ್ ಬಂದಿತ್ತು, ಅದ್ರಿಂದ ತೊಂದ್ರೆ ಇದ್ಯಾ?

ಫಿಸಿಯೋ_ಹಾಸನ:
ಮೊದ್ಲೇ ಹೇಳ್ಬೇಕಿತ್ತಲ್ಲ ಸರ್ ಇದನ್ನ. ನ್ಯೂರೋ ಡಾಕ್ಟ್ರು ಓಕೆ ಅನ್ನೋವರ್ಗೂ ಮನೇಲಿ ಶುರು ಮಾಡ್ಬೇಡಿ, ನಿಮ್ ಫಿಸಿಯೋಗೆ ಗೊತ್ತಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಹೇಳಿ.