ಫೈಕಸ್ ಸಸ್ಯಗಳ ಸಂಯುಕ್ತಗಳು: ಯಾವುದರಿಂದ ಯಾವ ಗುಣ?

ಪ್ರಶ್ನೆ: ಸರ್, ಅಂಜೂರ, ಅತ್ತಿ, ಆಲ, ಅರಳಿ ಸೇರಿರುವ ಫೈಕಸ್ ಕುಲದ ಬಗ್ಗೆ ಸಂಶೋಧನಾ ಲೇಖನಗಳನ್ನು ಓದುತ್ತಿದ್ದೇನೆ. ಯಾವ ಗಿಡವನ್ನು ತೆಗೆದುಕೊಂಡರೂ ಬೀಟಾ-ಸಿಟೊಸ್ಟೆರಾಲ್, ಲುಪಿಯೋಲ್ ಎಂಬ ಸಸ್ಯ ಸಂಯುಕ್ತಗಳ ಹೆಸರುಗಳೇ ಕಾಣುತ್ತವೆ. ಸಾರವು ಕ್ಯಾನ್ಸರ್ ನಿರೋಧಕ ಎಂದೂ ಬರೆದಿರುತ್ತಾರೆ. ಆ ಗುಣಕ್ಕೆ ಈ ಸಂಯುಕ್ತಗಳೇ ಕಾರಣವೇ?

ಉತ್ತರ: ಹಾಗೆ ನಿರ್ಧರಿಸಲು ಆಧಾರ ಸಾಲದು. ಬೀಟಾ-ಸಿಟೊಸ್ಟೆರಾಲ್ ಬಹುತೇಕ ಎಲ್ಲ ಸಸ್ಯಗಳಲ್ಲೂ ಇರುವುದರಿಂದ, ಅದು ಸಿಕ್ಕಿತೆಂಬ ಮಾತು ಆ ಗಿಡದ ವಿಶೇಷವನ್ನೇನೂ ಹೇಳುವುದಿಲ್ಲ. ತೊಗಟೆಯ ಸಾರದಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಹೇರಳವಾಗಿದ್ದರೆ ಅದು ಕಂಡಕಂಡ ಪ್ರೋಟೀನುಗಳಿಗೆಲ್ಲ ಅಂಟಿಕೊಂಡು, ಕಿಣ್ವವನ್ನು ತಡೆದಂತೆ ಸುಳ್ಳು ಫಲಿತಾಂಶ ಕೊಡುವುದೂ ಉಂಟು. ಟ್ಯಾನಿನ್ ತೆಗೆಯದೆ ಮಾಡಿದ ಅಂಥ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಿಜಕ್ಕೂ ಗಮನಿಸಬೇಕಾದದ್ದು ಫೈಕಸ್ ಸೆಪ್ಟಿಕಾದಂಥ ಪ್ರಭೇದಗಳಲ್ಲಿ ದೊರೆತಿರುವ ಫಿನಾಂತ್ರೊಇಂಡೊಲಿಜಿಡೀನ್ ಆಲ್ಕಲಾಯ್ಡ್‌ಗಳನ್ನು, ಅಂದರೆ ಸಾರಜನಕವಿರುವ ಒಂದು ವರ್ಗದ ಸಸ್ಯ ಸಂಯುಕ್ತಗಳನ್ನು. ಇವು ಅತ್ಯಲ್ಪ ಪ್ರಮಾಣದಲ್ಲೇ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತವೆ. ಆದರೂ ಇವು ಔಷಧವಾಗಲಿಲ್ಲ. ಇದೇ ವರ್ಗಕ್ಕೆ ಸೇರಿದ, ಟೈಲೊಫೋರಾ ಎಂಬ ಬೇರೆ ಸಸ್ಯದಿಂದ ಪಡೆದ ಟೈಲೊಕ್ರೆಬ್ರಿನ್ 1960ರ ದಶಕದಲ್ಲಿ ರೋಗಿಗಳ ಮೇಲಿನ ಪ್ರಯೋಗದವರೆಗೂ ಹೋಗಿತ್ತು. ನಡಿಗೆ ತಪ್ಪುವುದು, ದಿಕ್ಕು ತೋಚದಿರುವುದು ಮುಂತಾದ ನರಸಂಬಂಧಿ ತೊಂದರೆಗಳು ಕಂಡದ್ದರಿಂದ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಕೋಶವನ್ನು ಕೊಲ್ಲುವ ವಸ್ತು ಯಾವ ಕೋಶವನ್ನು ಬಿಡುತ್ತದೆ ಎಂಬುದನ್ನು ಪ್ರಯೋಗಾಲಯದ ಗಾಜಿನ ತಟ್ಟೆ ಹೇಳಲಾರದು. ಆದ್ದರಿಂದ ಇಂಥ ಲೇಖನ ಓದುವಾಗ, ಶುದ್ಧ ಸಂಯುಕ್ತವನ್ನು ಪರೀಕ್ಷಿಸಿದ್ದಾರೆಯೇ, ಆರೋಗ್ಯವಂತ ಕೋಶಗಳ ಮೇಲೂ ಅದನ್ನು ಹಾಕಿ ನೋಡಿದ್ದಾರೆಯೇ ಎಂಬುದನ್ನು ಮೊದಲು ಹುಡುಕಿ.

ಮರುಪ್ರಶ್ನೆ: ಹಾಗಾದರೆ ಅಂಜೂರದ ಎಲೆ ಕಿತ್ತಾಗ ಒಸರುವ ಹಾಲನ್ನು ನರುಲಿಗೆ ಹಚ್ಚುವುದಕ್ಕೆ ರಾಸಾಯನಿಕ ಆಧಾರವಿದೆಯೇ?

ಉತ್ತರ: ಇದೆ, ಅಪಾಯವೂ ಇದೆ. ಆ ಹಾಲಿನಲ್ಲಿ ಫಿಸಿನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಪಪ್ಪಾಯಿಯ ಪಪೈನ್ ಇದರ ಹತ್ತಿರದ ಬಂಧು. ಆದರೆ ಅದೇ ಹಾಲಿನಲ್ಲೂ ಎಲೆಯಲ್ಲೂ ಸೋರಲೆನ್, ಬರ್ಗಾಪ್ಟೆನ್ ಎಂಬ ಫ್ಯೂರೊಕೌಮರಿನ್‌ಗಳಿರುತ್ತವೆ. ಬಿಸಿಲಿನ ನೇರಳಾತೀತ 'ಎ' ಕಿರಣ ಬಿದ್ದಾಗ ಇವು ಚರ್ಮಕೋಶದ ಡಿಎನ್‌ಎಗೆ ಬೆಸೆದುಕೊಂಡು, ಸುಟ್ಟಂತೆ ಗುಳ್ಳೆಗಳನ್ನೂ, ಬಳಿಕ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯನ್ನೂ ಉಂಟುಮಾಡುತ್ತವೆ. ತೊನ್ನಿನ ಚಿಕಿತ್ಸೆಯಲ್ಲಿ ವೈದ್ಯರು ಬಳಸುವುದೂ ಇದೇ ವರ್ಗದ ಸಂಯುಕ್ತಗಳನ್ನೇ, ಆದರೆ ಅಲ್ಲಿ ಔಷಧವನ್ನೂ ಕಿರಣವನ್ನೂ ಅಳೆದು ಕೊಡುತ್ತಾರೆ. ಎಲೆಯಿಂದ ಎಲೆಗೆ ಬದಲಾಗುವ ಹಾಲಿನಲ್ಲಿ ಅಂಥ ಅಳತೆ ಸಾಧ್ಯವಿಲ್ಲ. ಈಗಾಗಲೇ ಹಚ್ಚಿದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆದು, ಎರಡು ಮೂರು ದಿನ ಆ ಜಾಗಕ್ಕೆ ಬಿಸಿಲು ಬೀಳದಂತೆ ಮುಚ್ಚಿಡಿ; ಗುಳ್ಳೆ ಎದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.