866 ಮೆಗಾಹರ್ಟ್ಸ್ ಲೋರಾ ನೋಡ್: ಡಬ್ಬಿ ಮುಚ್ಚಿದ ಕೂಡಲೇ ಸಿಗ್ನಲ್ ಬೀಳುತ್ತಿದೆ

ತೋಟದ_ನೋಡ್:
ಅಡಿಕೆ ತೋಟದ ಮಣ್ಣಿನ ತೇವಾಂಶ ಅಳೆದು ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೊ) ಮೂಲಕ ಕಳಿಸುವ ನೋಡ್, ಅಂದರೆ ಪುಟ್ಟ ಸಾಧನ. ಬೋರ್ಡ್ 60×35 ಮಿ.ಮೀ., ಎರಡು ಪದರ. ಮೂಲೆಯಲ್ಲಿ ಸ್ಪ್ರಿಂಗ್ ಆಂಟೆನಾ, ಅದರ ಪಕ್ಕದಲ್ಲೇ 18650 ಸೆಲ್ (ಲಿಥಿಯಂ ಬ್ಯಾಟರಿ). ಬರೀ ಬೋರ್ಡ್ ಇದ್ದಾಗ ಆಂಟೆನಾ ಅಳೆಯುವ ಉಪಕರಣ ನ್ಯಾನೋವಿಎನ್‌ಎಯಲ್ಲಿ ಡಿಪ್ (ಅತಿ ಕಡಿಮೆ ಶಕ್ತಿ ವಾಪಸ್ಸು ಬರುವ ಆವರ್ತನ) ಸರಿಯಾಗಿ 866ಕ್ಕೆ ಬರುತ್ತದೆ. ಸೆಲ್ ಹಾಕಿ ಎಬಿಎಸ್ ಡಬ್ಬಿ ಮುಚ್ಚಿದರೆ 838ಕ್ಕೆ ಇಳಿಯುತ್ತದೆ. 866ರಲ್ಲಿ ಎಸ್11 (ಆಂಟೆನಾದಿಂದ ವಾಪಸ್ಸು ಬರುವ ಶಕ್ತಿಯ ಅಳತೆ) ಬರೀ −2 ಡಿಬಿ. ನೋಡ್‌ನ ಸಂದೇಶ ಹಿಡಿಯುವ ಗೇಟ್‌ವೇಯಲ್ಲಿ ಆರ್‌ಎಸ್‌ಎಸ್‌ಐ (ಸಿಕ್ಕ ಸಿಗ್ನಲ್ಲಿನ ಬಲ) 10 ಡಿಬಿ ಕಡಿಮೆ. ಪೈ ಮ್ಯಾಚಿಂಗ್‌ಗೆ (ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಮೂರು ಬಿಡಿಭಾಗಗಳಿಗೆ) ಜಾಗ ಬಿಟ್ಟಿದ್ದೇನೆ. ಎಷ್ಟು ನ್ಯಾನೋಹೆನ್ರಿ, ಎಷ್ಟು ಪಿಕೋಫ್ಯಾರಡ್ ಹಾಕಲಿ?

ಕಾಲುತರಂಗ:
ಈಗಲೇ ಏನೂ ಹಾಕಬೇಡಿ ಸರ್. −2 ಡಿಬಿ ಎಂದರೆ ಶೇ. 63ರಷ್ಟು ಶಕ್ತಿ ವಾಪಸ್ಸು. ಆ ಲೆಕ್ಕದಲ್ಲಿ ನಷ್ಟ ಸುಮಾರು 4.3 ಡಿಬಿ ಅಷ್ಟೆ. ಉಳಿದ ಐದಾರು ಡಿಬಿಯನ್ನು ಮ್ಯಾಚಿಂಗ್ ತಂದುಕೊಡುವುದಿಲ್ಲ. ನನ್ನ ಅನುಮಾನ ಸೆಲ್ಲಿನ ಮೇಲೆ. ಅದರ ಲೋಹದ ಕವಚದಲ್ಲಿ ಎದುರು ದಿಕ್ಕಿನ ಕರೆಂಟ್ ಹರಿದು ವಿಕಿರಣ ಕುಗ್ಗುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ. ಸೆಲ್ಲನ್ನು ಬೋರ್ಡಿನ ಇನ್ನೊಂದು ತುದಿಗೆ ಸರಿಸಿ. ಸ್ಪ್ರಿಂಗ್ ಕೆಳಗೆ ಎರಡೂ ಪದರದ ತಾಮ್ರ ತೆಗೆಸಿ.

ಗ್ರೌಂಡ್ (ಬೋರ್ಡಿನ ತಾಮ್ರದ ಪದರ) ಕೂಡ ಚಿಕ್ಕದು. 866ಕ್ಕೆ ಕಾಲು ತರಂಗಾಂತರ ಸುಮಾರು 87 ಮಿ.ಮೀ.; ಡಬ್ಬಿಯಲ್ಲಿ ಜಾಗವಿದ್ದರೆ ಬೋರ್ಡನ್ನು ಅಷ್ಟು ಉದ್ದ ಮಾಡಿ. ಆಂಟೆನಾದ ಉಳಿದರ್ಧ ಈ ಗ್ರೌಂಡೇ.

ಅಳತೆಗೋಲು:
ಅಳತೆಯನ್ನೂ ನಂಬುವ ಮೊದಲು ಪರೀಕ್ಷಿಸಿ. ಇಷ್ಟು ಪುಟ್ಟ ಬೋರ್ಡಿಗೆ ವಿಎನ್‌ಎ ಕೇಬಲ್ಲಿನ ಹೊರಕವಚವೇ ಗ್ರೌಂಡ್ ಆಗಿಬಿಡುತ್ತದೆ. ಕೇಬಲ್ ಮೇಲೆ ಕೈಯಾಡಿಸಿ. ಗ್ರಾಫ್ ಅಲುಗಾಡಿದರೆ ಆ ಅಳತೆ ಸುಳ್ಳು. ಹೊರಕವಚದ ಕರೆಂಟ್ ತಡೆಯಲು ಬೋರ್ಡಿಗೆ ತಾಗಿದಂತೆ ಕೇಬಲ್ಲಿಗೆ ಮೂರ್ನಾಲ್ಕು ಫೆರೈಟ್ ಮಣಿ ಪೋಣಿಸಿ, ಕ್ಯಾಲಿಬ್ರೇಶನ್ನನ್ನು ಬೋರ್ಡಿಗೆ ಬೆಸೆಯುವ ತುದಿಯಲ್ಲೇ ಮಾಡಿ. ಎಸ್11 ಚೆನ್ನಾಗಿ ಕಂಡ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದಲ್ಲ: 50 ಓಮ್ ರೆಸಿಸ್ಟರ್ ಕೂಡ ಸೊಗಸಾದ ಎಸ್11 ಕೊಡುತ್ತದೆ, ಆದರೆ ಶಕ್ತಿಯನ್ನು ಬಹುತೇಕ ಶಾಖವಾಗಿಸುತ್ತದೆ, ಸಿಗ್ನಲ್ಲಾಗಿ ಕಳಿಸದು. ಕೊನೆಯ ತೀರ್ಪು ಆರ್‌ಎಸ್‌ಎಸ್‌ಐಯದ್ದೇ.

ತೋಟದ_ನೋಡ್:
ಸೆಲ್ ಸರಿಸಿದೆ, ಮಣಿ ಹಾಕಿದೆ. ಡಬ್ಬಿ ಮುಚ್ಚಿದಾಗ ಡಿಪ್ ಈಗ 852. ಮುಂದೆ?

ಕಾಲುತರಂಗ:
ಸ್ಪ್ರಿಂಗನ್ನು ತುಸು ಎಳೆದು ಸುತ್ತುಗಳನ್ನು ಅಗಲಿಸಿ. ಸಾಲದಿದ್ದರೆ ತುದಿಯನ್ನು ಕಾಲು ಸುತ್ತಿಗಿಂತ ಕಡಿಮೆ ಕತ್ತರಿಸುತ್ತ ಬನ್ನಿ, ಪ್ರತಿ ಸಲ ಡಬ್ಬಿ ಮುಚ್ಚಿ ಅಳೆಯಿರಿ. ಪೈನ ನಡುವೆ 0 ಓಮ್, ಗ್ರೌಂಡಿಗೆ ಹೋಗುವ ಎರಡೂ ಶಂಟ್ ಜಾಗ ಖಾಲಿ. 865–867ರುದ್ದಕ್ಕೂ −10 ಡಿಬಿ ಬಂದರೆ ನಿಲ್ಲಿಸಿ; ಅಲ್ಲಿಂದಾಚೆ ಮ್ಯಾಚಿಂಗ್‌ನಿಂದ ಸಿಗುವುದು ಅರ್ಧ ಡಿಬಿಯೂ ಅಲ್ಲ. ಒಣ ಡಬ್ಬಿಯಲ್ಲಿ ಡಿಪ್ 867–868ರ ಹತ್ತಿರ ಇರಲಿ. ಮಳೆಗಾಲದಲ್ಲಿ ಮುಚ್ಚಳದ ಮೇಲೆ ನೀರು ನಿಂತಾಗ ಅದು ಕೆಳಗಿಳಿಯುತ್ತದೆ.