ತನ್ನದೇ ಪಟ್ಟಿಗೆ ಕತ್ತರಿ ಬೀಳುವುದಿಲ್ಲ ಏಕೆ?

ಹಾವೇರಿ ಮೇಷ್ಟರು:
ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು ನಾನು. ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ, ಅರ್ಧ ತರಗತಿ ಖಾಲಿ. ಪಾಠ ಮುಂದುವರಿಸಲು ಮನಸ್ಸಾಗದೆ ಕ್ರಿಸ್ಪರ್ ಕತೆ ತೆಗೆದೆ, ಅಂದರೆ ಬ್ಯಾಕ್ಟೀರಿಯಾ ವೈರಸ್ಸಿನಿಂದ ತನ್ನನ್ನು ಕಾಪಾಡಿಕೊಳ್ಳುವ ಬಗೆ. ವೈರಸ್ ಬಂದು ಬ್ಯಾಕ್ಟೀರಿಯಾದೊಳಗೆ ತನ್ನ ಡಿಎನ್‌ಎ ಚುಚ್ಚುತ್ತದೆ. ಬದುಕುಳಿದ ಬ್ಯಾಕ್ಟೀರಿಯಾ ಅದರಿಂದ ಸುಮಾರು 30 ಅಕ್ಷರಗಳ (ಎ, ಟಿ, ಜಿ, ಸಿ) ತುಣುಕನ್ನು ತನ್ನ ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ. ಮತ್ತೆ ಅದೇ ವೈರಸ್ ಬಂದರೆ, ಆ ತುಣುಕಿನ ಆರ್‌ಎನ್‌ಎ ನಕಲು ಹಿಡಿದ ಕ್ಯಾಸ್ ಪ್ರೋಟೀನು ಹೊಂದುವ ಜಾಗ ಹುಡುಕಿ ಕತ್ತರಿಸುತ್ತದೆ. ಹಲಗೆಯ ಮೇಲೆ ಈ ತುಣುಕುಗಳ ಪಟ್ಟಿ ಬಿಡಿಸಿದೆ: ಮತ್ತೆ ಮತ್ತೆ ಬರುವ ಒಂದೇ ಬಗೆಯ ಭಾಗವನ್ನು ಬಿಳಿ ಸೀಮೆಸುಣ್ಣದಲ್ಲಿ, ನಡುನಡುವೆ ವೈರಸ್ ತುಣುಕುಗಳನ್ನು ಕೆಂಪಿನಲ್ಲಿ ಬರೆದೆ. ಚಿತ್ರ ಚೆನ್ನಾಗಿಯೇ ಬಂದಿತ್ತು.

ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಸರ್, ಆ ಕೆಂಪು ತುಣುಕೂ ವೈರಸ್‌ನದ್ದೇ ಅಲ್ಲವೇ? ಕತ್ತರಿ ಮೊದಲು ಅದನ್ನೇ ಕತ್ತರಿಸಬೇಕಲ್ಲ?”

“ಇದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ. ಅವಳು ಕುಳಿತಳು. ಅಂದಿನಿಂದ ನನಗೇ ಕೂರಲಾಗುತ್ತಿಲ್ಲ. ಬಲ್ಲವರು ಹೇಳಿ.

ಹಳೇ ಹುಬ್ಬಳ್ಳಿ:
ಮೇಷ್ಟರೇ, ನಾನು ಓದಿದ್ದು ಬಿಕಾಂ. ಆದರೂ ಬಾಯಿ ಹಾಕುತ್ತೇನೆ. ಪೊಲೀಸ್ ಠಾಣೆಯ ಗೋಡೆಯ ಮೇಲೆ ಜೇಬುಗಳ್ಳರ ಫೋಟೊ ಇರುತ್ತದೆ. ಯಾವ ಪೇದೆಯೂ ಫೋಟೊಗೆ ಬೇಡಿ ಹಾಕುವುದಿಲ್ಲ. ಚೌಕಟ್ಟು ಕಂಡರೆ ಸಾಕು, ಠಾಣೆಯದ್ದೇ ಎಂದು ಗೊತ್ತಾಗುತ್ತದೆ. ನಿಮ್ಮ ಬಿಳಿ ಸೀಮೆಸುಣ್ಣವೇ ಆ ಚೌಕಟ್ಟಿರಬೇಕು.

ಕೆನೆಮೊಸರು, ಧಾರವಾಡ:
ಹೋಲಿಕೆ ಚೆನ್ನಾಗಿದೆ, ಆದರೆ ಕ್ಯಾಸ್9 ಎಂಬ ಕ್ಯಾಸ್ ಪ್ರೋಟೀನು ಚೌಕಟ್ಟನ್ನು ನೋಡುವುದೇ ಇಲ್ಲ. ಡೇರಿಯೊಂದರ ಪ್ರಯೋಗಾಲಯದಲ್ಲಿ 22 ವರ್ಷ ಕಳೆದವನು ನಾನು. ಒಂದು ಬೇಸಿಗೆಯಲ್ಲಿ ರಾತ್ರಿ ತೊಟ್ಟಿಗೆ ಹೆಪ್ಪು ಹಾಕಿ ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಸೌಟಿನಿಂದ ಎತ್ತಿ ಬಿಟ್ಟರೆ ನೀರಿನಂತೆ ಸುರಿಯಿತು. ಹೆಪ್ಪಿನ ಬ್ಯಾಕ್ಟೀರಿಯಾವನ್ನು ಫಾಜ್ ಎಂಬ ವೈರಸ್ ಮುಗಿಸಿತ್ತು. ಈ ವಿಷಯದ ಗೀಳು ಹತ್ತಿದ್ದು ಆಗಲೇ. 2007ರಲ್ಲಿ ಡ್ಯಾನಿಸ್ಕೊ ಕಂಪನಿಯ ಬರಾಂಗು, ಹೊರ್ವಾತ್ ಮತ್ತು ಸಂಗಡಿಗರು ಪ್ರಯೋಗ ಮಾಡಿದ್ದು ಮೊಸರಿನ ಬ್ಯಾಕ್ಟೀರಿಯಾದಲ್ಲೇ, ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್‌ನಲ್ಲಿ. ಫಾಜ್ ದಾಳಿಯಿಂದ ಪಾರಾದವು ಹೊಸ ತುಣುಕು ಸೇರಿಸಿಕೊಂಡಿದ್ದವು. ತುಣುಕು ತೆಗೆದರೆ ರಕ್ಷಣೆಯೂ ಹೋಯಿತು.

ಈಗ ಹುಡುಗಿಯ ಪ್ರಶ್ನೆ. ಸ್ಟ್ರೆಪ್ಟೊಕಾಕಸ್ ಪಯೋಜಿನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕ್ಯಾಸ್9 ಕಂಡ ಡಿಎನ್‌ಎಯನ್ನೆಲ್ಲ ಓದುತ್ತಾ ಕೂರುವುದಿಲ್ಲ. ‘ಯಾವುದೋ ಒಂದು ಅಕ್ಷರ, ಆಮೇಲೆ ಜಿ, ಜಿ’ ಎಂಬ ಗುರುತನ್ನು ಮೊದಲು ಹುಡುಕುತ್ತದೆ. ಸಿಕ್ಕರೆ ಮಾತ್ರ ಪಕ್ಕದ ಎಳೆಗಳನ್ನು ಬಿಡಿಸಿ ಹೋಲಿಸುತ್ತದೆ. ತುಣುಕನ್ನು ಆರಿಸುವುದೂ ಇಂಥ ಗುರುತಿನ ಪಕ್ಕದಿಂದಲೇ, ಆದರೆ ಪಟ್ಟಿಗೆ ಸೇರಿಸುವಾಗ ಗುರುತನ್ನು ಹೊರಗೇ ಬಿಡಲಾಗುತ್ತದೆ. ಪಟ್ಟಿಯಲ್ಲಿ ಆ ಜಾಗದಿಂದ ನಿಮ್ಮ ಬಿಳಿ ಭಾಗ ಶುರು: ಜಿ ಟಿ ಟಿ ಟಿ ಟಿ ಎ. ಜಿ ಜಿ ಇರಬೇಕಾದಲ್ಲಿ ಟಿ ಟಿ. ಕತ್ತರಿ ಬಾಯಿಯನ್ನೇ ತೆರೆಯುವುದಿಲ್ಲ.

ಹಾವೇರಿ ಮೇಷ್ಟರು:
ಹಾಗಾದರೆ ವೈರಸ್ ಆ ಗುರುತಿನ ಒಂದು ಅಕ್ಷರ ಬದಲಿಸಿಕೊಂಡರೆ ಪಾರಾಯಿತಲ್ಲ?

ಕೆನೆಮೊಸರು, ಧಾರವಾಡ:
ಪಾರಾಗುತ್ತದೆ. ಮೊಸರಿನ ಬ್ಯಾಕ್ಟೀರಿಯಾದ ಗುರುತು ಬೇರೆ, ಅಲ್ಲಿಯೂ ಫಾಜ್‌ಗಳು ಹೀಗೆಯೇ ನುಣುಚಿಕೊಂಡದ್ದನ್ನು ಕಂಡಿದ್ದಾರೆ. ಒಂದೇ ವೈರಸ್‌ನ ಎರಡು ಮೂರು ತುಣುಕು ಪಟ್ಟಿಯಲ್ಲಿದ್ದರೆ ಅಷ್ಟು ಸುಲಭವಲ್ಲ.

ನವಲೂರು ಪೇರಲ:
ಹಳೇ ಹುಬ್ಬಳ್ಳಿಯವರನ್ನು ಇಷ್ಟು ಬೇಗ ಕೂರಿಸಬೇಡಿ. ಕ್ರಿಸ್ಪರ್‌ನಲ್ಲಿ ಹಲವು ಬಗೆಗಳಿವೆ. ನಮ್ಮ ಚರ್ಮದ ಮೇಲೇ ವಾಸಿಸುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನಲ್ಲಿ ಆರ್‌ಎನ್‌ಎ ನಕಲಿನ ತುದಿಗೆ ಬಿಳಿ ಭಾಗದ 8 ಅಕ್ಷರಗಳು ಅಂಟಿಕೊಂಡೇ ಬರುತ್ತವೆ. ತುಣುಕಿನ ಜೊತೆ ಆ ತುದಿಯೂ ಹೊಂದಿದರೆ ಸ್ವಂತ ಪಟ್ಟಿ, ಮುಟ್ಟುವುದಿಲ್ಲ. ತುಣುಕು ಹೊಂದಿ ತುದಿ ಹೊಂದದಿದ್ದರೆ ಪರಕೀಯ. 2010ರಲ್ಲಿ ವಿಜ್ಞಾನಿಗಳಾದ ಮರಾಫಿನಿ, ಸೊಂಥೈಮರ್ ಇದನ್ನು ತೋರಿಸಿದರು. ಅಲ್ಲಿ ನೋಡುವುದು ಚೌಕಟ್ಟನ್ನೇ.

ಕೆನೆಮೊಸರು, ಧಾರವಾಡ:
ಒಪ್ಪಿದೆ. ನನಗೆ ಮೊಸರಿನಾಚೆ ಜಗತ್ತಿಲ್ಲ ಎಂದು ಮನೆಯಲ್ಲೂ ಹೇಳುತ್ತಾರೆ.

ಹಳೇ ಹುಬ್ಬಳ್ಳಿ:
ಬಿಕಾಂಗೆ ಇಷ್ಟು ಬೆಲೆ ಸಿಕ್ಕಿದ್ದು ಇದೇ ಮೊದಲು.

ಹಾವೇರಿ ಮೇಷ್ಟರು:
ಎಲ್ಲರಿಗೂ ಶರಣು. ಸೋಮವಾರವೂ ಬ್ಯಾಡಗಿಯಲ್ಲಿ ಮಾರುಕಟ್ಟೆ ಇದೆ, ತರಗತಿ ತುಂಬುವುದಿಲ್ಲ. ಆ ಹುಡುಗಿ ಬಂದರೆ ಬಿಳಿ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು ಆರು ಅಕ್ಷರ ಬರೆಸುತ್ತೇನೆ.